ಎಮ್ಮೆ ತಿಣುಕುತ್ತಿದೆ, ಬಾಯಿ ಬಿಟ್ಟಿಲ್ಲ: ಗರ್ಭಕಂಠ ಮಾಗುವುದು ಹೇಗೆ, ನೀವು ಮಾಡಬೇಕಾದ್ದೇನು

"ಬೆಳಗಿನಿಂದ ತಿಣುಕುತ್ತಿದೆ, ಇನ್ನೂ ಬಾಯಿ ಬಿಟ್ಟಿಲ್ಲ. ಯಾವ ಇಂಜೆಕ್ಷನ್ ಹಾಕಿಸಿದರೆ ಬಾಯಿ ಬಿಡುತ್ತದೆ?" ಮಳೆಗಾಲ ನಡುವಿಗೆ ಬಂದು ಎಮ್ಮೆಗಳು ಈಯಲು ಶುರುವಾದರೆ ಸಾಕು, ಕುಂದಗೋಳ, ರೋಣ, ಹಾನಗಲ್ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಚುಚ್ಚಿದ ಗಳಿಗೆಯಲ್ಲಿ ಬಾಯಿ ಬಿಡಿಸುವ ಇಂಜೆಕ್ಷನ್ ಇಲ್ಲ. ಗರ್ಭದ ಬಾಯಿ ಮಾಗಬೇಕು, ಮಾಗಲು ಗಂಟೆಗಳು ಬೇಕು, ಕೆಲವೊಮ್ಮೆ ಎರಡು-ಮೂರು ದಿನ ಬೇಕು. ಮಾಗುವ ಮೊದಲೇ ಕರುವನ್ನು ಎಳೆದದ್ದರಿಂದ, ಅಥವಾ ತಪ್ಪು ಔಷಧ ಕೊಟ್ಟದ್ದರಿಂದ ಸತ್ತ ಎಮ್ಮೆಗಳು ಕಡಿಮೆಯಲ್ಲ. ಆದ್ದರಿಂದ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಂಡು, ಆಮೇಲೆ ಹಂತಹಂತವಾಗಿ ಮುಂದೆ ಹೋಗೋಣ.

ಮೊದಲು ಒಳಗಿನ ಸಂಗತಿ

ನಾವು "ಬಾಯಿ" ಎನ್ನುವುದು ಗರ್ಭಕಂಠವನ್ನು. ಗರ್ಭಚೀಲಕ್ಕೂ ಯೋನಿಗೂ ನಡುವೆ ಇರುವ ಗಟ್ಟಿ ಕೊಳವೆ ಅದು. ಆಕಳಲ್ಲಿ ಸುಮಾರು 8ರಿಂದ 10 ಸೆಂಟಿಮೀಟರ್ ಉದ್ದ, ಒಳಗೆ ಒಂದರ ಹಿಂದೆ ಒಂದು 3ರಿಂದ 5 ಉಂಗುರದಂಥ ಮಡಿಕೆಗಳು. ಇದು ಬರೀ ಮಾಂಸವಲ್ಲ. ಬಹುಪಾಲು ಕೊಲಾಜೆನ್ ಎಂಬ ನಾರು, ಹಗ್ಗದ ಎಳೆಗಳ ಹಾಗೆ ಬಿಗಿಯಾಗಿ ಹೊಸೆದುಕೊಂಡಿರುತ್ತದೆ. ಗಬ್ಬವಾದ ಮೇಲೆ ಅಂಟಂಟಾದ ಲೋಳೆಯ ಗಟ್ಟಿ ಬಿರಡೆ ಇದನ್ನು ಮುಚ್ಚುತ್ತದೆ. ಹೊರಗಿನ ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ.

ಇಷ್ಟು ಗಟ್ಟಿಯಾದ ನಾರು ಕರುವಿನ ತಲೆ ಮತ್ತು ಭುಜ ಹಾಯುವಷ್ಟು ಮೆತ್ತಗಾಗಬೇಕು. ತಿಣುಕಿದ ಬಲಕ್ಕೆ ಅದು ಸಡಿಲುವುದಿಲ್ಲ. ನಾಲ್ಕು ವಸ್ತುಗಳಲ್ಲಿ ಮೊದಲನೆಯದು ಇಳಿಯಬೇಕು, ಉಳಿದ ಮೂರು ಒಂದರ ಹಿಂದೊಂದು ಕೆಲಸ ಮಾಡಬೇಕು.

ಪ್ರೊಜೆಸ್ಟರಾನ್ ಗಬ್ಬ ಕಾಯುವ ಹಾರ್ಮೋನು. ಅಂಡಾಶಯದ ಮೇಲಿನ ಹಳದಿ ಗಂಟು ಇದನ್ನು ತಯಾರಿಸುತ್ತದೆ. ಇದು ಹೆಚ್ಚಿರುವವರೆಗೆ ಗರ್ಭಚೀಲ ಸುಮ್ಮನಿರುತ್ತದೆ, ಬಾಯಿ ಬಿಗಿಯಾಗಿರುತ್ತದೆ.

ಕಾರ್ಟಿಸಾಲ್ ಕರುವಿನ ಕಡೆಯಿಂದ ಬರುವ ಸೂಚನೆ. ಯಾವಾಗ ಈಯಬೇಕು ಎಂದು ತೀರ್ಮಾನಿಸುವುದು ತಾಯಿಯಲ್ಲ, ಹೊಟ್ಟೆಯೊಳಗಿನ ಕರು. ನ್ಯೂಜಿಲೆಂಡಿನ ವಿಜ್ಞಾನಿ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳಲ್ಲಿ ಇದನ್ನು ತೋರಿಸಿದರು. ಹೊಟ್ಟೆಯೊಳಗಿನ ಮರಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ನಾಶ ಮಾಡಿದರೆ ಕುರಿ ದಿನ ತುಂಬಿದರೂ ಈಯಲಿಲ್ಲ. ಮರಿಗೆ ಕಾರ್ಟಿಸಾಲ್ ಜಾತಿಯ ಹಾರ್ಮೋನು ಕೊಟ್ಟರೆ ದಿನಕ್ಕೆ ಮೊದಲೇ ಈದಿತು.

ಈಸ್ಟ್ರೊಜೆನ್ ಮೂರನೆಯದು. ಕರುವಿನ ಕಾರ್ಟಿಸಾಲ್ ಏರಿದಾಗ ಮಾಸು (ನಾವು ಕಸ ಎನ್ನುವುದು) ಪ್ರೊಜೆಸ್ಟರಾನನ್ನು ಈಸ್ಟ್ರೊಜೆನ್ ಆಗಿ ಬದಲಾಯಿಸಲು ತೊಡಗುತ್ತದೆ. ಬಾಲದ ಬುಡ ಸಡಿಲುವುದು, ಲೋಳೆ ನೀರಾಗುವುದು, ಯೋನಿಯ ತುಟಿ ಊದುವುದು ಇದರಿಂದಲೇ.

ಕೊನೆಗೆ ಬರುವುದು ಪ್ರೋಸ್ಟಾಗ್ಲಾಂಡಿನ್. ಈ ಲೇಖನದ ಮುಖ್ಯ ಪಾತ್ರ ಇದರದೇ. ಹಾರ್ಮೋನಿನ ಹಾಗೆ ಕೆಲಸ ಮಾಡಿದರೂ ಇದು ಹಾರ್ಮೋನು ಗ್ರಂಥಿಯಿಂದ ಬರುವುದಿಲ್ಲ. ಬೇಕಾದ ಜಾಗದಲ್ಲೇ, ಜೀವಕೋಶದ ಪೊರೆಯ ಕೊಬ್ಬಿನಿಂದ ತಯಾರಾಗಿ, ಅಲ್ಲೇ ಹತ್ತಿರ ಕೆಲಸ ಮುಗಿಸಿ ಕರಗಿಹೋಗುತ್ತದೆ. ರಕ್ತಕ್ಕೆ ಸೇರಿದರೆ ಶ್ವಾಸಕೋಶ ಹಾಯುವಷ್ಟರಲ್ಲಿ ಬಹುಪಾಲು ನಾಶವಾಗುತ್ತದೆ. 1930ರ ದಶಕದಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಇದನ್ನು ವೀರ್ಯದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯದಿರಬೇಕೆಂದು ಈ ಹೆಸರಿಟ್ಟರು. ಹೆಸರು ಹಾಗೇ ಉಳಿಯಿತು.

ಇದರಲ್ಲಿ ಎರಡು ಬಗೆ ನಿಮಗೆ ಗೊತ್ತಿರಬೇಕು. ಎಫ್-2-ಆಲ್ಫಾ ಎಂಬುದು ಹಳದಿ ಗಂಟನ್ನು ಕರಗಿಸುತ್ತದೆ, ಗರ್ಭಚೀಲವನ್ನು ಹಿಂಡುತ್ತದೆ. ಇ-2 ಎಂಬುದು ಗರ್ಭಕಂಠವನ್ನೇ ಮೆತ್ತಗೆ ಮಾಡುತ್ತದೆ. ಹೇಗೆಂದರೆ, ಬಿಳಿ ರಕ್ತಕಣಗಳು ಗರ್ಭಕಂಠದೊಳಗೆ ಸೇರಿ ಕೊಲಾಜೆನ್ ಕತ್ತರಿಸುವ ಕಿಣ್ವ ಬಿಡುತ್ತವೆ, ನಾರುಗಳ ನಡುವೆ ನೀರು ತುಂಬುತ್ತದೆ, ಬಿಗಿಯಾಗಿ ಹೊಸೆದಿದ್ದ ಎಳೆಗಳು ಬಿಡಿಬಿಡಿಯಾಗುತ್ತವೆ. ಮುಟ್ಟಿದರೆ ಮೂಗಿನ ತುದಿಯಂತೆ ಗಡುಸಾಗಿದ್ದದ್ದು ತುಟಿಯಂತೆ ಮೃದುವಾಗುತ್ತದೆ. ಇದಕ್ಕೇ ಮಾಗುವುದು ಎನ್ನುತ್ತೇವೆ. ಮಾಗಿದ ಬಾಯಿಯನ್ನು ಆಮೇಲೆ ನೀರಿನ ಚೀಲ ಮತ್ತು ಕರುವಿನ ಕಾಲು ಒತ್ತಿ ಅಗಲಿಸುತ್ತವೆ.

ರಿಲ್ಯಾಕ್ಸಿನ್ ಎಂಬ ಹೆಸರನ್ನೂ ಕೇಳಿರುತ್ತೀರಿ. ಹಂದಿಯಲ್ಲಿ ಹಳದಿ ಗಂಟಿನಿಂದ, ನಾಯಿಯಲ್ಲಿ ಮಾಸಿನಿಂದ ಬರುವ ಇದು ಅವುಗಳ ಪ್ರಸವಕ್ಕೆ ಬಹಳ ಮುಖ್ಯ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಹೆಚ್ಚಿನ ಭಾರ ಹೊರುವುದು ಈಸ್ಟ್ರೊಜೆನ್ ಮತ್ತು ಪ್ರೋಸ್ಟಾಗ್ಲಾಂಡಿನ್.

1. ದಿನದ ಲೆಕ್ಕ ಗೋಡೆಯ ಮೇಲೆ ಇರಲಿ

ಗಬ್ಬ ಕಟ್ಟಿಸಿದ ದಿನಾಂಕ ಗೊತ್ತಿಲ್ಲದಿದ್ದರೆ ಮುಂದಿನ ಯಾವ ಹಂತವೂ ಸರಿ ಬರುವುದಿಲ್ಲ. ಆಕಳಿಗೆ ಸುಮಾರು 280 ದಿನ (ಜವಾರಿ ತಳಿಗೆ ನಾಲ್ಕಾರು ದಿನ ಹೆಚ್ಚು), ಎಮ್ಮೆಗೆ ಸುಮಾರು 310 ದಿನ, ಕುರಿ-ಆಡಿಗೆ ಸುಮಾರು 150 ದಿನ. ಜನವರಿ 10ರಂದು ಕಟ್ಟಿಸಿದ ಆಕಳು ಅಕ್ಟೋಬರ್ 17ರ ಆಸುಪಾಸಿಗೆ, ಅದೇ ದಿನ ಕಟ್ಟಿಸಿದ ಎಮ್ಮೆ ನವೆಂಬರ್ 16ರ ಆಸುಪಾಸಿಗೆ ಈಯಬೇಕು.

ಇಲ್ಲಿ ಆಗುವ ತಪ್ಪು: ಎಮ್ಮೆಗೂ ಆಕಳ ಲೆಕ್ಕ ಹಾಕಿ "ದಿನ ಮೀರಿದೆ" ಎಂದು ಗಾಬರಿಯಾಗಿ ಇಂಜೆಕ್ಷನ್ ಹಾಕಿಸುವುದು. ಆಗ ಹುಟ್ಟುವುದು ಒಂದು ತಿಂಗಳು ಮೊದಲೇ ಬಂದ, ಉಸಿರಾಡಲು ಕಷ್ಟಪಡುವ ಕರು.

2. ಕೊನೆಯ ಹತ್ತು ದಿನ, ದಿನಕ್ಕೆರಡು ನಿಮಿಷ

ಬಾಲದ ಬುಡದ ಎರಡೂ ಕಡೆ, ಕುಂಡಿಯ ಮೂಳೆಗೆ ಹೋಗುವ ನರದಂಥ ಪಟ್ಟಿ ಇರುತ್ತದೆ. ದಿನಾ ಒಂದೇ ಹೊತ್ತಿಗೆ ಅದರ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಮೊದಲು ಬಿಗಿದ ಹಗ್ಗದಂತೆ ಸಿಗುತ್ತದೆ. ದಿನ ಹತ್ತಿರವಾದಂತೆ ಮೆತ್ತಗಾಗಿ, ಕೊನೆಗೆ ಅಂಚೇ ಸಿಗದಷ್ಟು ಸಡಿಲಾಗಿ ಅಲ್ಲಿ ಕುಳಿ ಬೀಳುತ್ತದೆ. ಪೂರ್ತಿ ಸಡಿಲಾದ ಮೇಲೆ ಒಂದು ದಿನದ ಆಸುಪಾಸಿನಲ್ಲಿ ಈಯುವುದು ಹೆಚ್ಚು.

ಜ್ವರದ ಕಡ್ಡಿ ಇದ್ದರೆ ಇನ್ನೂ ಒಳ್ಳೆಯದು. ದಿನಾ ಸಂಜೆ ಒಂದೇ ಹೊತ್ತಿಗೆ ಗುದದಲ್ಲಿ ಎರಡು ನಿಮಿಷ ಇಟ್ಟು ಬರೆದಿಡಿ. ಪ್ರೊಜೆಸ್ಟರಾನ್ ಇಳಿದಾಗ ಮೈ ಬಿಸಿಯೂ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. 101.8, 101.6, 101.8 ಎಂದು ಬರುತ್ತಿದ್ದದ್ದು ಒಂದು ಸಂಜೆ 100.6 ತೋರಿಸಿದರೆ ಒಂದೆರಡು ದಿನದೊಳಗೆ ಈಯುತ್ತದೆಂದು ತಯಾರಾಗಿ. ಒಂದೇ ದಿನ ನೋಡಿದರೆ ಇದರಿಂದ ಏನೂ ತಿಳಿಯದು, ಹಿಂದಿನ ದಿನಗಳ ಜೊತೆ ಹೋಲಿಸಬೇಕು.

ಯೋನಿಯಿಂದ ತಿಳಿಯಾದ, ಉದ್ದನೆಯ ಲೋಳೆ ಜೋತುಬಿದ್ದರೆ ಬಿರಡೆ ಕರಗುತ್ತಿದೆ ಎಂದರ್ಥ. ನಾತ ಹೊಡೆಯುವ, ಕಂದು ಬಣ್ಣದ ಲೋಳೆ ಬಂದರೆ ಅದು ಬೇರೆ ಮಾತು. ಅಂದೇ ಡಾಕ್ಟರಿಗೆ ತೋರಿಸಿ.

3. ಬಾಯಿ ತೆರೆಯುವ ಹೊತ್ತು: ಗಡಿಯಾರ ನೋಡಿ, ಕೈ ಹಾಕಬೇಡಿ

ಮೇವು ಬಿಡುವುದು, ಮಲಗಿ ಎದ್ದು ಮಾಡುವುದು, ಬಾಲ ಎತ್ತಿ ನಿಲ್ಲುವುದು, ಪಕ್ಕೆಯ ಕಡೆ ತಿರುಗಿ ನೋಡುವುದು: ಇದು ಮೊದಲ ಘಟ್ಟ. ಆಕಳು, ಎಮ್ಮೆಗಳಲ್ಲಿ ಸಾಮಾನ್ಯವಾಗಿ 2ರಿಂದ 6 ಗಂಟೆ, ಮೊದಲ ಗಬ್ಬದ ಮಣಕಗಳಲ್ಲಿ ಇನ್ನೂ ಹೆಚ್ಚು. ಈ ಹೊತ್ತಿನಲ್ಲಿ ಜೋರಾಗಿ ತಿಣುಕುವುದಿಲ್ಲ. ಒಳಗೆ ಬಾಯಿ ಅಗಲವಾಗುತ್ತಿರುತ್ತದೆ. ಒಣ ಕಣಕಿ ಹಾಸಿ, ಕುಡಿಯಲು ನೀರಿಟ್ಟು, ಜನ ಸೇರದಂತೆ ನೋಡಿಕೊಳ್ಳಿ. ಅಂಜಿದ ಪ್ರಾಣಿಯ ಮೈಯಲ್ಲಿ ಅಡ್ರಿನಲಿನ್ ಏರಿ ಗರ್ಭಚೀಲದ ಹಿಂಡಿಕೆ ನಿಂತೇ ಹೋಗಬಹುದು. ನೆರೆಯವರೆಲ್ಲ ಬಂದು ನಿಂತು ನೋಡುವುದು ಪ್ರೀತಿಯಿಂದಲೇ, ಆದರೆ ಎಮ್ಮೆಗೆ ಅದರಿಂದ ತೊಂದರೆಯೇ.

ಡಾಕ್ಟರನ್ನು ಕರೆಯಬೇಕಾದ ಹೊತ್ತು ಹೀಗಿದೆ. ಚಡಪಡಿಕೆ ಶುರುವಾಗಿ 8 ಗಂಟೆಯಾದರೂ ನೀರಿನ ಚೀಲ ಕಾಣದಿದ್ದರೆ. ಜೋರಾಗಿ ತಿಣುಕಲು ಶುರುವಾಗಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಏನೂ ಮುಂದುವರಿಯದಿದ್ದರೆ. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಕಾಲು ಕಾಣದಿದ್ದರೆ. ಕುರಿ-ಆಡಾದರೆ ತಿಣುಕಲು ತೊಡಗಿ ಅರ್ಧ ಗಂಟೆ ಸಾಕು, ಅದಕ್ಕಿಂತ ಹೆಚ್ಚು ಕಾಯಬೇಡಿ. ಇನ್ನೊಂದು ಸಂದರ್ಭ ಎಲ್ಲಕ್ಕಿಂತ ಮೋಸದ್ದು: ಸಂಜೆ ಚಡಪಡಿಸಿದ ಎಮ್ಮೆ ರಾತ್ರಿ ಸುಮ್ಮನಾಗಿ ಮೇವು ತಿನ್ನುತ್ತದೆ. "ಇವತ್ತಲ್ಲ ಬಿಡು" ಎಂದು ಮಲಗಿಬಿಡುತ್ತೀರಿ. ದಿನ ತುಂಬಿದ ಎಮ್ಮೆ ಹೀಗೆ ಮಾಡಿದರೆ ಗರ್ಭಚೀಲ ತಿರುಚಿಕೊಂಡಿರಬಹುದು. ಬೆಳಗಾಗುವವರೆಗೆ ಕಾಯಬೇಡಿ.

ಪಶು ಸಂಜೀವಿನಿ ಆಂಬುಲೆನ್ಸ್‌ಗೆ 1962ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಎಷ್ಟು ದಿನದ ಗಬ್ಬ, ಎಷ್ಟನೇ ಸೂಲು, ಚಡಪಡಿಕೆ ಎಷ್ಟು ಗಂಟೆಗೆ ಶುರುವಾಯಿತು, ನೀರು ಒಡೆದಿದೆಯೇ, ಇದುವರೆಗೆ ಯಾರು ಯಾವ ಇಂಜೆಕ್ಷನ್ ಹಾಕಿದ್ದಾರೆ, ಇಷ್ಟನ್ನೂ ಹೇಳಿ. ಕೊನೆಯದನ್ನು ಮುಚ್ಚಿಡುವವರೇ ಹೆಚ್ಚು. ಮುಚ್ಚಿಟ್ಟರೆ ಡಾಕ್ಟರು ಕೊಡುವ ಮುಂದಿನ ಔಷಧವೇ ಪ್ರಾಣಕ್ಕೆ ಕುತ್ತಾಗಬಹುದು.

4. ಬಾಯಿ ಏಕೆ ಬಿಟ್ಟಿಲ್ಲ? ಕಾರಣ ತಿಳಿಯದೆ ಔಷಧವಿಲ್ಲ

ಡಾಕ್ಟರು ಕೈಗವಸು ಹಾಕಿ, ಸಾಬೂನಿನಿಂದ ತೊಳೆದ ಜಾಗದಲ್ಲಿ ಕೈ ಹಾಕಿ ನೋಡುತ್ತಾರೆ. ಪೂರ್ತಿ ತೆರೆದಿದ್ದರೆ ಯೋನಿ, ಗರ್ಭಚೀಲ ಎರಡೂ ಒಂದೇ ಕೊಳವೆಯಂತೆ ಸಿಗುತ್ತವೆ, ನಡುವೆ ಅಂಚೇ ತಾಗುವುದಿಲ್ಲ. ಅರ್ಧ ತೆರೆದಿದ್ದರೆ ಬಿಗಿಯಾದ ಬಳೆಯಂಥ ಅಂಚು ಕೈಗೆ ಸಿಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಂತೆ ಸುರುಳಿ ಮಡಿಕೆ ಸಿಕ್ಕರೆ ಅದು ತಿರುಚು.

ತಿರುಚು ಎಮ್ಮೆಗಳಲ್ಲಿ ಬಹಳ, ಹೆಚ್ಚಿನವು ಬಲಕ್ಕೆ. ಬಾಯಿ ಮಾಗಿದ್ದರೂ ತಿರುಚಿನ ಬಿಗಿತಕ್ಕೆ ತೆರೆಯುವುದಿಲ್ಲ, ಇದಕ್ಕೆ ಯಾವ ಇಂಜೆಕ್ಷನ್ನೂ ಮದ್ದಲ್ಲ. ಎಮ್ಮೆಯನ್ನು ತಿರುಚಿರುವ ಮಗ್ಗುಲಿಗೇ ಮಲಗಿಸಿ, ಮುಂಗಾಲು ಹಿಂಗಾಲು ಬೇರೆಬೇರೆ ಕಟ್ಟಿ, 9ರಿಂದ 12 ಅಡಿ ಉದ್ದದ ಹಲಗೆಯನ್ನು ಹೊಟ್ಟೆಯ ಮೇಲೆ ಓರೆಯಾಗಿಟ್ಟು, ಒಬ್ಬರು ಅದರ ಮೇಲೆ ನಿಂತು, ಉಳಿದವರು ತಿರುಚಿದ ದಿಕ್ಕಿಗೇ ಎಮ್ಮೆಯನ್ನು ಹೊರಳಿಸಬೇಕು. ಹಲಗೆ ಗರ್ಭಚೀಲವನ್ನು ಹಿಡಿದಿಟ್ಟಿರುತ್ತದೆ, ಮೈ ಅದನ್ನು ಹಿಂಬಾಲಿಸಿ ತಿರುಗುತ್ತದೆ, ಹಾಗೆ ತಿರುಚು ಬಿಚ್ಚುತ್ತದೆ. ದಿಕ್ಕು ತಪ್ಪಿದರೆ ತಿರುಚು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಡಾಕ್ಟರು ಕೈಯಿಂದ ನೋಡಿ ಹೇಳದೆ ಹೊರಳಿಸಬೇಡಿ. ನಿಮ್ಮ ಕೆಲಸ ಹಲಗೆ, ಹಗ್ಗ, ಐದಾರು ಜನ, ಮೆತ್ತನೆಯ ಜಾಗ ತಯಾರಿಡುವುದು. ತಿರುಚಿ ಒಂದೂವರೆ-ಎರಡು ದಿನ ಕಳೆದಿದ್ದರೆ ಬಿಚ್ಚಿದ ಮೇಲೂ ಬಾಯಿ ತೆರೆಯದೆ ಆಪರೇಷನ್ನೇ ಮಾಡಬೇಕಾಗುವುದುಂಟು. ರಕ್ತ ಓಡಾಟ ನಿಂತ ಗರ್ಭಕಂಠ ಮಾಗುವ ಶಕ್ತಿ ಕಳೆದುಕೊಂಡಿರುತ್ತದೆ.

ಕ್ಯಾಲ್ಸಿಯಂ ಕೊರತೆ ಎರಡನೆಯದು. ಕಿವಿ ತಣ್ಣಗೆ, ಕತ್ತು ಪಕ್ಕಕ್ಕೆ ಹೊರಳಿಸಿ ಮಲಗುವುದು, ತಿಣುಕು ತೀರ ಸಪ್ಪೆ. ಗರ್ಭಚೀಲದ ಸ್ನಾಯು ಹಿಂಡಲು ಕ್ಯಾಲ್ಸಿಯಂ ಬೇಕು, ಅದಿಲ್ಲದೆ ಕರು ಮುಂದಕ್ಕೆ ಬಂದು ಬಾಯಿಯನ್ನು ಅಗಲಿಸುವುದಿಲ್ಲ. 450 ಮಿ.ಲೀ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಬಹಳ ನಿಧಾನವಾಗಿ, ಎದೆಬಡಿತ ಕೇಳುತ್ತಾ ಕೊಡಬೇಕು. ಬಾಟಲಿಯನ್ನು ಎತ್ತರಕ್ಕೆ ಹಿಡಿದು ಬೇಗ ಮುಗಿಸಿದರೆ ಹೃದಯ ನಿಂತುಬಿಡುತ್ತದೆ. ಮಲಗಿದ ಪ್ರಾಣಿಯ ಬಾಯಿಗೆ ಕ್ಯಾಲ್ಸಿಯಂ ದ್ರವ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಮೂರನೆಯದು ನಿಜವಾಗಿ ಮಾಗದಿರುವುದು. ಕರು ಒಳಗೆ ಸತ್ತಿದ್ದರೆ ಅದರ ಕಾರ್ಟಿಸಾಲ್ ಸೂಚನೆ ಇಲ್ಲ, ಮೇಲೆ ಹೇಳಿದ ಸರಪಳಿ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಡಾಕ್ಟರು ಪ್ರೋಸ್ಟಾಗ್ಲಾಂಡಿನ್ ಕೊಡುತ್ತಾರೆ, ಹಲವು ಸಲ ಜೊತೆಗೆ ಕಾರ್ಟಿಸಾಲ್‌ನ ಕೆಲಸ ಮಾಡುವ ಡೆಕ್ಸಾಮೆಥಸೋನ್. ಫಲ ಕಾಣಲು 24ರಿಂದ 72 ಗಂಟೆ ಬೇಕು. "ಇಂಜೆಕ್ಷನ್ ಹಾಕಿ ಮೂರು ತಾಸಾಯಿತು, ಏನೂ ಆಗಲಿಲ್ಲ" ಎಂದು ಇನ್ನೊಬ್ಬರನ್ನು ಕರೆದು ಮತ್ತೊಂದು ಹಾಕಿಸುವುದು ಇಲ್ಲಿನ ದೊಡ್ಡ ತಪ್ಪು. ವ್ಯಾಲೆಥಮೇಟ್ ಎಂಬ ಇಂಜೆಕ್ಷನ್ ಸ್ನಾಯುವಿನ ಸೆಳೆತ ಸಡಿಲಿಸುತ್ತದೆ, ನಾರನ್ನು ಮಾಗಿಸುವುದಿಲ್ಲ. ಅರ್ಧ ಮಾಗಿದ ಬಾಯಿಗೆ ಅದು ನೆರವು, ಕಲ್ಲಿನಂತಿರುವ ಬಾಯಿಗೆ ಅಲ್ಲ. ಕುರಿ-ಆಡುಗಳಲ್ಲಿ ಬಾಯಿ ಬಳೆಯಂತೆ ಗಟ್ಟಿಯಾಗಿ ನಿಂತುಬಿಟ್ಟರೆ ಹೊತ್ತು ಕಳೆಯದೆ ಆಪರೇಷನ್ ಮಾಡಿಸುವುದೇ ಮೇಲು. ಬೆರಳಿನಿಂದ ಒತ್ತಾಯವಾಗಿ ಅಗಲಿಸಿದರೆ ಹರಿಯುತ್ತದೆ, ರಕ್ತ ನಿಲ್ಲುವುದಿಲ್ಲ.

5. ಇಂಜೆಕ್ಷನ್‌ಗಳ ವಿಷಯದಲ್ಲಿ ಈ ನಾಲ್ಕು ಮಾತು ನೆನಪಿರಲಿ

ಆಕ್ಸಿಟೋಸಿನ್, ಅಂದರೆ ಹಾಲಿಳಿಸಲು ಕೆಲವರು ಬಳಸುವ ಅದೇ ಔಷಧ, ಗರ್ಭಚೀಲವನ್ನು ಜೋರಾಗಿ ಹಿಂಡುತ್ತದೆ, ಬಾಯಿಯನ್ನು ಮಾಗಿಸುವುದಿಲ್ಲ. ಬಾಯಿ ಮುಚ್ಚಿರುವಾಗ, ತಿರುಚಿರುವಾಗ ಇದನ್ನು ಕೊಟ್ಟರೆ ಗರ್ಭಚೀಲ ಹರಿದು ಎಮ್ಮೆ ಸಾಯಬಹುದು. ಮನೆಯಲ್ಲಿ ಈ ಬಾಟಲಿಯನ್ನು ಇಟ್ಟುಕೊಳ್ಳಲೇಬೇಡಿ.

ಪ್ರೋಸ್ಟಾಗ್ಲಾಂಡಿನ್ ಮನುಷ್ಯರ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಗರ್ಭಿಣಿಯರು, ಗರ್ಭಿಣಿ ಇರಬಹುದಾದವರು, ಅಸ್ತಮಾ ಇರುವವರು ಆ ಬಾಟಲಿಯನ್ನಾಗಲಿ ಸೂಜಿಯನ್ನಾಗಲಿ ಮುಟ್ಟಬಾರದು. ದನದ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಮೇಲೇ ಇರುವ ನಮ್ಮ ಮನೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ. ಕೈಗೆ ಬಿದ್ದರೆ ಕೂಡಲೇ ಸಾಬೂನು ಹಚ್ಚಿ ತೊಳೆಯಿರಿ. ಖಾಲಿ ಬಾಟಲಿಯನ್ನು ಮಕ್ಕಳ ಕೈಗೆ ಸಿಗುವಂತೆ ಗೋಡೆ ಗೂಡಿನಲ್ಲಿ ಇಡಬೇಡಿ.

ಬೆದೆಗೆ ತರಲು ಕೊಡುವುದೂ ಇದೇ ಔಷಧ. ಹಳದಿ ಗಂಟು ಕರಗಿದರೆ ಪ್ರಾಣಿ ಬೆದೆಗೆ ಬರುತ್ತದೆ, ಅದೇ ಪ್ರಾಣಿ ಗಬ್ಬವಾಗಿದ್ದರೆ ಕಂದು ಹಾಕುತ್ತದೆ. "ಗಬ್ಬ ನಿಂತಿಲ್ಲ ಅನ್ನಿಸುತ್ತದೆ" ಎಂಬ ಊಹೆಯ ಮೇಲೆ ಹಾಕಿಸಬೇಡಿ, ತಪಾಸಣೆ ಮಾಡಿಸಿಯೇ ಹಾಕಿಸಿ. ಆಡಿನ ಗಬ್ಬ ಪೂರ್ತಿ ಹಳದಿ ಗಂಟಿನ ಮೇಲೇ ನಿಂತಿರುವುದರಿಂದ ಯಾವ ತಿಂಗಳಲ್ಲಿ ಕೊಟ್ಟರೂ ಅದು ಕಂದು ಹಾಕುತ್ತದೆ. ಕುರಿಯಲ್ಲಿ ಎರಡು ತಿಂಗಳ ಹೊತ್ತಿಗೆ ಮಾಸೇ ಪ್ರೊಜೆಸ್ಟರಾನ್ ತಯಾರಿಸುವುದರಿಂದ ಆಮೇಲೆ ಇದೊಂದರಿಂದಲೇ ಕೆಲಸ ಆಗುವುದಿಲ್ಲ. ಪ್ರಮಾಣದಲ್ಲೂ ಮೋಸ ಹೋಗಬೇಡಿ, ಪ್ರೋಸ್ಟಾಗ್ಲಾಂಡಿನ್ ಔಷಧ ಎರಡು ಹೆಸರಿನಲ್ಲಿ ಬರುತ್ತದೆ: ದೊಡ್ಡ ದನಕ್ಕೆ ಡೈನೋಪ್ರಾಸ್ಟ್ ಆದರೆ 25 ಮಿಲಿಗ್ರಾಂ, ಕ್ಲೋಪ್ರೊಸ್ಟೆನಾಲ್ ಆದರೆ 500 ಮೈಕ್ರೋಗ್ರಾಂ, ಅಂದರೆ ಅರ್ಧ ಮಿಲಿಗ್ರಾಂ ಮಾತ್ರ. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯದು.

ನೋವಿನ ಇಂಜೆಕ್ಷನ್ ಕೊನೆಯದು. 1971ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ ತೋರಿಸಿದಂತೆ, ಆಸ್ಪಿರಿನ್ ಜಾತಿಯ ಔಷಧಗಳು ಕೆಲಸ ಮಾಡುವುದೇ ಪ್ರೋಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆದು. ಮೆಲಾಕ್ಸಿಕಾಮ್, ಫ್ಲುನಿಕ್ಸಿನ್ ಇದೇ ಗುಂಪಿನವು. ಎಮ್ಮೆ ನರಳುತ್ತಿದೆ ಎಂದು ಈಯುವ ಮೊದಲೇ ಹಾಕಿಸಿದರೆ ಬಾಯಿ ಮಾಗಿಸುವ ವಸ್ತುವನ್ನೇ ನಿಲ್ಲಿಸಿದಂತೆ. ಫ್ಲುನಿಕ್ಸಿನ್ ಈಯುವ ಹೊತ್ತಿಗೆ ಕೊಟ್ಟರೆ ಕಸ ಬೀಳದಿರುವುದೂ ಹೆಚ್ಚುತ್ತದೆ.

6. ಮೇವಿನೊಳಗೆ ಬರುವ ಹಾರ್ಮೋನು

ಹಾವೇರಿ ಜಿಲ್ಲೆಯ ಓದುಗರು ಇದನ್ನು ಗಮನವಿಟ್ಟು ಓದಬೇಕು. ಮಳೆಗೆ ಸಿಕ್ಕ ಗೋವಿನಜೋಳದ ತೆನೆಯ ತುದಿಯಲ್ಲಿ ಗುಲಾಬಿ, ಕೆಂಪು ಬಣ್ಣದ ಬೂಷ್ಟು ಕಂಡಿರುತ್ತೀರಿ. ಫ್ಯುಸೇರಿಯಂ ಎಂಬ ಆ ಶಿಲೀಂಧ್ರ ಜಿಯರಾಲೆನೋನ್ ಎಂಬ ವಿಷ ತಯಾರಿಸುತ್ತದೆ, ಅದು ಮೈಯೊಳಗೆ ಈಸ್ಟ್ರೊಜೆನ್ನಂತೆ ವರ್ತಿಸುತ್ತದೆ. ಹಂದಿಗಳಿಗೆ ಎಲ್ಲಕ್ಕಿಂತ ಹೆಚ್ಚು ತಾಗುತ್ತದೆ, ಆದರೆ ಮಣಕಗಳಲ್ಲೂ ಗಬ್ಬವಿಲ್ಲದೆ ಕೆಚ್ಚಲು ಬರುವುದು, ಯೋನಿ ಊದುವುದು, ಬೆದೆ ಏರುಪೇರಾಗುವುದು ಕಾಣಬಹುದು. ಬೂಷ್ಟು ಹಿಡಿದ ತೆನೆಯನ್ನು "ದನಕ್ಕಾದರೂ ಆಗಲಿ" ಎಂದು ಹಾಕಬೇಡಿ. ಬಿಸಿಲಿಗೆ ಒಣಗಿಸಿದರೆ, ಕುದಿಸಿದರೆ ಈ ವಿಷ ಹೋಗುವುದಿಲ್ಲ.

ಕುದುರೆಮೆಂತೆಯಲ್ಲೂ ಈಸ್ಟ್ರೊಜೆನ್ನಂಥ ವಸ್ತು ಇದೆ, ಎಲೆಗೆ ರೋಗ ಬಿದ್ದಾಗ ಅದು ಹೆಚ್ಚುತ್ತದೆ. ಆಸ್ಟ್ರೇಲಿಯಾದಲ್ಲಿ 1940ರ ದಶಕದಲ್ಲಿ ಒಂದು ಬಗೆಯ ಕ್ಲೋವರ್ ಮೇವನ್ನೇ ತಿಂದ ಕುರಿಗಳ ಗರ್ಭಕಂಠ ಶಾಶ್ವತವಾಗಿ ಬದಲಾಗಿ, ಅವು ಗಬ್ಬ ಕಟ್ಟುವುದೇ ನಿಂತಿತ್ತು. ಕುದುರೆಮೆಂತೆ ಒಳ್ಳೆಯ ಮೇವೇ. ಅದೊಂದನ್ನೇ ಹಾಕದೆ ಜೋಳದ ಕಣಕಿ, ಶೇಂಗಾ ಹೊಟ್ಟಿನ ಜೊತೆ ಬೆರೆಸಿ ಹಾಕಿ.

7. ಈದ ಮೇಲೆ

ಕಸ ಬೀಳಲು 12 ಗಂಟೆ ಕಾಯಿರಿ. ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಕಸಕ್ಕೆ ಕಲ್ಲು, ಹಳೆಯ ಚಪ್ಪಲಿ ಕಟ್ಟಿ ಜೋತುಬಿಡುವುದು, ಕೈಯಿಂದ ಎಳೆಯುವುದು ಬೇಡ. ತುಂಡಾಗಿ ಒಳಗೆ ಉಳಿದದ್ದು ಕೊಳೆಯುತ್ತದೆ, ಕೆಲವೊಮ್ಮೆ ಗರ್ಭಚೀಲವೇ ಹೊರಬೀಳುತ್ತದೆ. ತೆರೆದಿದ್ದ ಬಾಯಿ ಬೇಗ ಮುಚ್ಚತೊಡಗಿ, ಎರಡು ದಿನ ಕಳೆದರೆ ಕೈ ಹೋಗುವುದೇ ಕಷ್ಟ. ನಾಲ್ಕನೇ ದಿನ ಕರೆದು "ಕಸ ತೆಗೆದುಕೊಡಿ" ಎಂದರೆ ಡಾಕ್ಟರಿಗೂ ದಾರಿ ಇರುವುದಿಲ್ಲ.

ದಿನ ತುಂಬದೆ ಕಂದು ಹಾಕಿದ್ದರೆ ಬರಿಗೈಯಲ್ಲಿ ಏನನ್ನೂ ಮುಟ್ಟಬೇಡಿ. ಕಂದು ಹಾಕಿಸುವ ಬ್ರುಸೆಲ್ಲಾ ರೋಗವಿದ್ದರೆ ಅದು ಮನುಷ್ಯರಿಗೂ ಅಂಟುತ್ತದೆ. ಕೈಗವಸು ಹಾಕಿ, ಕಂದನ್ನೂ ಕಸವನ್ನೂ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ನಾಯಿಗಳು ಎಳೆಯದಂತೆ ಮೇಲೆ ಕಲ್ಲು ಹೇರಿ. ಆ ಪ್ರಾಣಿಯ ರಕ್ತ ಪರೀಕ್ಷೆ ಆಗುವವರೆಗೆ ಹಾಲನ್ನು ಚೆನ್ನಾಗಿ ಕುದಿಸದೆ ಬಳಸಬೇಡಿ. ಮನೆಯಲ್ಲಿ ಹೆಣ್ಣು ಕರುಗಳಿದ್ದರೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಅವಕ್ಕೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.